ಮೂರನೆಯ ಗುರುವಾರದ ಎರಡು ಲೋಟ

ರಷ್ಯಾದವರೂ ಅಮೆರಿಕದವರೂ ನಾನು ಮೇಲು ತಾನು ಮೇಲು ಎಂದು ಆಕಾಶಕ್ಕೆ ಏನೇನೋ ಹಾರಿಸುತ್ತಿದ್ದ ಕಾಲದಲ್ಲಿ ನಾನು ಅಶೋಕಪುರಂನ ಒಂದು ಶೀಟಿನ ಶೆಡ್ಡಿನಲ್ಲಿ ಕಾಫಿ ಲೋಟ ತೊಳೆಯುತ್ತಿದ್ದೆ. ನೇಮಕದ ಕಾಗದದಲ್ಲಿ ಟೆಕ್ನಿಕಲ್ ಅಸಿಸ್ಟೆಂಟ್ ಎಂದು ಬರೆದಿತ್ತು. ಬಿ.ಎಸ್ಸಿ. ಪಾಸು ಮಾಡಿದವನು ತೊಳೆದರೆ ಅದು ಟೆಕ್ನಿಕಲ್ ಕೆಲಸವಾಗುತ್ತದೆ ಎಂದು ಯಜಮಾನರು ಭಾವಿಸಿದ್ದರೋ ಏನೋ. ಆಗ ನನಗೆ ಇಪ್ಪತ್ತೈದು. ಈಗ ಐವತ್ತಕ್ಕೆ ಎರಡು ಕಡಿಮೆ. ಈ ನಡುವೆ ಸ್ವಭಾವದಲ್ಲಿ ಏನೂ ಸುಧಾರಣೆ ಆಗಿಲ್ಲ. ಹೆದರುವ ಸಂಗತಿಗಳ ಪಟ್ಟಿಗೆ ರಕ್ತದೊತ್ತಡ ಹೊಸದಾಗಿ ಸೇರಿಕೊಂಡಿದೆ, ಅಷ್ಟೇ. ಕಾಲೇಜಿನಲ್ಲಿದ್ದಾಗ ರಷ್ಯಾದ ನಾಯಿಯೊಂದು ಭೂಮಿಯನ್ನು ಸುತ್ತುತ್ತಿದೆ ಎಂದು ಪೇಪರಿನಲ್ಲಿ ಬಂತು. ಕೆಲವರಿಗೆ ಅಚ್ಚರಿಯಾಯಿತು, ಕೆಲವರಿಗೆ ನಾಯಿಯ ಮೇಲೆ ಮರುಕ ಬಂತು. ನಾನು ಎರಡು ದಿನ ನಮ್ಮ ಮನೆಯ ಹೆಂಚಿನ ಬಗ್ಗೆ ಯೋಚಿಸಿದೆ.

ಶೆಡ್ಡಿನ ಯಜಮಾನರಿಗೆ ದೇವರಾಜ ಮೊಹಲ್ಲಾದಲ್ಲಿ, ಮಾರ್ಕೆಟ್ಟಿನಿಂದ ಕೂಗಳತೆಯ ದೂರದಲ್ಲಿ, ಕಾಫಿ ಪುಡಿ ಅಂಗಡಿ ಇತ್ತು. ಅವರ ತಾತ ಹಳ್ಳಿಯ ಹೊಲವನ್ನು ತಮ್ಮನಿಗೆ ಬಿಟ್ಟು ಬಂದು ಹುರಿಯುವ ಬಾಣಲೆ ಇಟ್ಟವರು. ಮೂರು ತಲೆಮಾರಿನಿಂದ ಬೀಜ ಹುರಿದು, ಪುಡಿ ಮಾಡಿ, ಕಾಗದದ ಪೊಟ್ಟಣ ಕಟ್ಟಿಕೊಟ್ಟು ಚೆನ್ನಾಗಿಯೇ ಇದ್ದರು. ಕೆಡಿಸಿದ್ದು ಒಂದು ಡಬ್ಬಿ. ವಿದೇಶಕ್ಕೆ ಹೋಗಿ ಬಂದ ಗಿರಾಕಿಯೊಬ್ಬರು ಅಂಗಡಿಯ ಕಟ್ಟೆಯ ಮೇಲೆ ಅದನ್ನು ಇಟ್ಟು, ಬಿಸಿನೀರು ತರಿಸಿ, ಒಂದು ಚಮಚ ಪುಡಿ ಹಾಕಿ ಕಲಕಿದರು. ಕಾಫಿಯಾಯಿತು. ಸೋಸುವುದಿಲ್ಲ, ಚರಟವಿಲ್ಲ, ಡಿಕಾಕ್ಷನ್ ಇಳಿಯಲೆಂದು ಕಾಯುವುದಿಲ್ಲ. ಯಜಮಾನರು ಆ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರಂತೆ.

"ಬೀಜ ನಮ್ದು ಕಣ್ರೀ," ಎಂದು ಅವರು ನನಗೆ ಕೆಲಸ ಕೊಟ್ಟ ದಿನವೇ ಹೇಳಿದರು. "ಮೂಟೆ ಕಟ್ಟಿ ಹಡಗಿಗೆ ಹಾಕೋರು ನಾವು. ಅದನ್ನ ಕರಗೋ ಪುಡಿ ಮಾಡಿ, ಡಬ್ಬಿ ಮೇಲೆ ಹೆಸರು ಹೊಡ್ಸಿ, ಲೋಕಕ್ಕೆಲ್ಲ ಮಾರೋರು ಅವ್ರು. ಇದೆಲ್ಲಿಯ ನ್ಯಾಯ? ನಾವೂ ಮಾಡ್ಬೇಕು. ಮಾಡಿ ಅವ್ರ ಊರಲ್ಲೇ ಮಾರ್ಬೇಕು."

ನಾನು ತಲೆಯಾಡಿಸಿದೆ. ಅವರ ಊರಿನವರು ಕೋಪಿಸಿಕೊಂಡರೆ ಏನು ಗತಿ ಎಂಬುದು ಆಗಲೇ ಮನಸ್ಸಿಗೆ ಬಂದಿತ್ತು.

ಆ ಪುಡಿ ಮಾಡುವ ಹೊಣೆ ಹೊತ್ತವರು ನಮ್ಮ ಕೆಮಿಸ್ಟರು. ಬೋಗಾದಿಯ ಒಕ್ಕಲು ಮನೆತನದವರು. ಬೋಗಾದಿ ಆಗ ಊರಾಚೆಯ ಹಳ್ಳಿ. ದಿನಾ ಬೆಳಿಗ್ಗೆ ಸೈಕಲ್ಲಿನಲ್ಲಿ ಬರುತ್ತಿದ್ದರು. ಅವರ ಮನೆಯಲ್ಲಿ ಕೆಮಿಸ್ಟ್ರಿ ಓದಿದವರು ಅವರೊಬ್ಬರೇ. ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲವು ಕಾಲ ಇದ್ದು, ಯಜಮಾನರ ಮಾತಿಗೆ ಮರುಳಾಗಿ ಬಂದಿದ್ದರು. ವಿದೇಶ ಕಂಡವರಲ್ಲ. ವಿದೇಶದ ಪುಸ್ತಕಗಳನ್ನು ಮಾತ್ರ ಲೈಬ್ರರಿಯಿಂದ ತಂದು, ಕೈಯಲ್ಲಿ ಕಾಪಿ ಮಾಡಿಕೊಂಡು, ನೋಟುಬುಕ್ಕಿನ ರಾಶಿಯನ್ನೇ ಹಾಕಿಕೊಂಡಿದ್ದರು.

ಶೆಡ್ಡಿನ ನಡುವೆ ಒಂದು ತಗಡಿನ ಗೋಪುರ ನಿಂತಿತ್ತು. ಗಟ್ಟಿ ಡಿಕಾಕ್ಷನ್ನನ್ನು ಮೇಲಿನಿಂದ ಸಣ್ಣ ಹನಿಯಾಗಿ ಚಿಮ್ಮಿಸಿದರೆ, ಒಳಗೆ ತುಂಬಿಕೊಂಡ ಬಿಸಿಗಾಳಿಯಲ್ಲಿ ಒಣಗಿ ಕೆಳಗೆ ಪುಡಿಯಾಗಿ ಬೀಳಬೇಕು. ರೈಲ್ವೆ ವರ್ಕ್‌ಶಾಪಿನಿಂದ ರಿಟೈರಾದ ಫಿಟ್ಟರೊಬ್ಬರು, ಅಶೋಕಪುರಂನವರೇ, ಅದನ್ನು ಬೆಸುಗೆ ಹಾಕಿ ಎಬ್ಬಿಸಿದ್ದರು. ಹನಿ ಚಿಮ್ಮಿಸುವ ಮೂತಿ ಜರ್ಮನಿಯದು, ಪಂಪು ಇಂಗ್ಲೆಂಡಿನದು, ಒತ್ತಡ ತೋರಿಸುವ ಗಡಿಯಾರ ಯುದ್ಧದ ಕಾಲದ ಅಮೆರಿಕನ್ ಮಾಲು, ಗುಜರಿಯಲ್ಲಿ ಸಿಕ್ಕಿದ್ದು. ಒಬ್ಬರ ತಿರುಪು ಇನ್ನೊಬ್ಬರ ನಟ್ಟಿಗೆ ಕೂರುತ್ತಿರಲಿಲ್ಲ. ಯುದ್ಧ ಮುಗಿದು ಎಷ್ಟೋ ವರ್ಷವಾಗಿದ್ದರೂ ಈ ಮೂರು ದೇಶಗಳನ್ನು ಒಂದೇ ಕೊಳವೆಯಲ್ಲಿ ಕೂರಿಸಲು ಫಿಟ್ಟರು ಸೆಣಬು ಸುತ್ತಿ, ಸೋರದಂತೆ ಸಫೇದ ಬಳಿದು ವಾರಗಟ್ಟಲೆ ಸಂಧಾನ ನಡೆಸಬೇಕಾಯಿತು.

ಪುಡಿ ಬಿತ್ತು. ಕರಗಿತು. ಆದರೆ ಕುಡಿದರೆ ಕಾಫಿಯಲ್ಲ, ಕಾಫಿ ಬೇಯಿಸಿದ ಪಾತ್ರೆ ತೊಳೆದ ನೀರು. ಬಿಸಿಗಾಳಿಗೆ ಪರಿಮಳವೆಲ್ಲ ಹಾರಿಹೋಗುತ್ತಿತ್ತು. ಅದನ್ನು ಹಿಡಿಯುವುದಕ್ಕೆ ಕೆಮಿಸ್ಟರು ಮೂರು ವರ್ಷ ಹಾಕಿದರು. ಹೊಸದಾಗಿ ಪುಡಿ ಮಾಡಿದ ಬೀಜಕ್ಕೆ ಮೊದಲು ನಿಧಾನವಾಗಿ ಆವಿ ಹಾಯಿಸುವುದು, ಆ ಮೊದಲ ಆವಿಯೊಂದಿಗೆ ಹೊರಡುವ ಘಮವನ್ನು ಐಸಿನಲ್ಲಿ ಹುದುಗಿಸಿದ ಕೊಳವೆಯಲ್ಲಿ ಹನಿಹನಿಯಾಗಿ ಹಿಡಿಯುವುದು, ಕೊನೆಗೆ ಅದನ್ನು ಗಟ್ಟಿ ಡಿಕಾಕ್ಷನ್ನಿಗೆ ವಾಪಸು ಸೇರಿಸುವುದು. ಹೇಳಲು ಮೂರು ಸಾಲು. ಇದಕ್ಕಾಗಿ ಅವರು ಐಸ್ ಫ್ಯಾಕ್ಟರಿಯಿಂದ ಸೈಕಲ್ಲಿನ ಕ್ಯಾರಿಯರ್ ಮೇಲೆ ಗೋಣಿ ಸುತ್ತಿದ ಐಸಿನ ದಿಮ್ಮಿ ಹೇರಿಕೊಂಡು ಬಂದದ್ದು ಎಷ್ಟು ಸಲವೋ ಲೆಕ್ಕವಿಟ್ಟವರಿಲ್ಲ. ಅಂಗಿಯ ಬೆನ್ನು ಸದಾ ಒದ್ದೆ.

ಅಷ್ಟರಲ್ಲಿ ಆ ಡಬ್ಬಿಯ ಕಡೆಯವರೇ ಬಂದರು. ಯುರೋಪಿನ ಕಂಪನಿ, ಮುಂಬಯಿಯಿಂದ ಅದರ ಪ್ರತಿನಿಧಿ. ನಮ್ಮ ಗೋಪುರವನ್ನು ಸುತ್ತು ಹಾಕಿ ನೋಡಿ, ಚೆನ್ನಾಗಿದೆ ಎಂದರು. ಹಳ್ಳಿಯ ಮಕ್ಕಳು ಕಟ್ಟಿದ ಮರಳಿನ ಗುಡಿಯನ್ನು ನಾವು ಚೆನ್ನಾಗಿದೆ ಎನ್ನುತ್ತೇವಲ್ಲ, ಹಾಗೆ. ಆಮೇಲೆ ಕರಾರಿನ ಕಾಗದ ಕೊಟ್ಟರು. ಯಂತ್ರ ಅವರದು, ವಿಧಾನ ಅವರದು, ಪುಡಿ ಮಾಡುವುದು ನಾವು. ನಮ್ಮ ವಿಧಾನವನ್ನು ಕೈಬಿಡಬೇಕು. ಪುಡಿಯನ್ನು ದೇಶದ ಹೊರಗೆ ಮಾರಕೂಡದು.

ಯಜಮಾನರು ದಣಿದಿದ್ದರು. ಮನೆಯಲ್ಲಿ ತಮ್ಮ, ಅಂಗಡಿಯಲ್ಲಿ ನೆಂಟರು, ಎಲ್ಲರೂ ಸಹಿ ಹಾಕು ಎನ್ನುತ್ತಿದ್ದರು. ಹೊರದೇಶದಲ್ಲಿ ಮಾರುವ ಆಸೆ ಮಾತ್ರ ಅವರನ್ನು ತಡೆದಿತ್ತು. ಪೂರ್ವ ಯುರೋಪಿನ ಒಂದು ದೇಶದವರು ನಮ್ಮ ಪುಡಿಯ ಸ್ಯಾಂಪಲ್ ಕೇಳಿ ಪತ್ರ ಬರೆದಿದ್ದರು. ಕಳಿಸುವಷ್ಟು ಚೆನ್ನಾಗಿದೆಯೇ ಎಂಬುದೇ ಪ್ರಶ್ನೆ. ಒಂದು ದಿನ ಕೆಮಿಸ್ಟರನ್ನೂ ನನ್ನನ್ನೂ ಕೂರಿಸಿಕೊಂಡು ತೀರ್ಮಾನ ಹೇಳಿದರು.

"ಕೆಮಿಸ್ಟ್ರೇ, ಮೂರು ಗುರುವಾರ ರುಚಿ ನೋಡೋಣ. ಒಂದು ಲೋಟ ನಮ್ದು, ಒಂದು ಲೋಟ ಅವ್ರ ಡಬ್ಬೀದು. ಒಂದೇ ಒಂದು ಸಲ ನಮ್ದು ಮೇಲೆ ಬಂದ್ರೂ ಸಾಕು, ನಾನು ಸಹಿ ಹಾಕಲ್ಲ. ಮೂರೂ ಸಲ ಸೋತ್ರೆ ಮಾತಾಡ್ಬೇಡಿ. ಗೋಪುರ ಬಿಚ್ಚಿ ಗುಜರಿಗೆ ಹಾಕೋದೇ."

"ಆಗ್ಲಿ ಬುಡಿ," ಎಂದರು ಕೆಮಿಸ್ಟರು. ಮೂರು ವರ್ಷದ ಕೆಲಸಕ್ಕೆ ಮೂರು ಗುರುವಾರ.

ರುಚಿ ನೋಡುವ ಏರ್ಪಾಡು ನನ್ನದು. ವಿದೇಶದ ಒಂದು ಪುಸ್ತಕದಲ್ಲಿ ಅದಕ್ಕೆ ವಿಧಿ ಇತ್ತು. ಅದನ್ನು ಕನ್ನಡಕ್ಕೆ ತಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ತೂಗುಹಾಕಿದೆ. ಹಾಲಿಲ್ಲದೆ ಕುಡಿಯಬೇಕು ಎಂದಿತ್ತು. ರುಚಿ ನೋಡುವವರಲ್ಲಿ ಒಬ್ಬರು ನಿವೃತ್ತ ಹೆಡ್‌ಮೇಷ್ಟ್ರು, ಅಂಗಡಿಯ ಹಳೆಯ ಗಿರಾಕಿ. "ಏನ್ರೀ ಇದು, ಜ್ವರ ಬಂದೋರಿಗೆ ಕೊಡೋ ಕಷಾಯಾನ?" ಎಂದರು. ಹಾಲು ಬಂತು. ಗುಟುಕನ್ನು ಬಾಯಲ್ಲಿ ಸದ್ದುಮಾಡುತ್ತ ಹೀರಿ, ರುಚಿ ಕಂಡು, ಪಕ್ಕದ ಪಾತ್ರೆಗೆ ಉಗಿಯಬೇಕು ಎಂದಿತ್ತು. ಪಾತ್ರೆಯನ್ನು ಕಂಡದ್ದೇ ಮೇಷ್ಟ್ರು ಎದ್ದು ನಿಂತರು.

"ಬಾಯಿಗೆ ಹಾಕ್ಕೊಂಡಿದ್ದನ್ನ ನಾಲ್ಕು ಜನರ ಎದುರಿಗೆ ಉಗಿಯೋದೇನ್ರೀ? ಅದೂ ಕಾಫೀನ? ಎಂಜಲು ಪಾತ್ರೇನ ಮಧ್ಯ ಇಟ್ಕೊಂಡು ಇದ್ಯಾವ ಸಂಸ್ಕೃತೀರೀ?"

ಪಾತ್ರೆ ಹೋಯಿತು. ಎಲ್ಲರೂ ಲೋಟವನ್ನು ಎತ್ತಿ, ತುಟಿಗೆ ತಾಕದ ಹಾಗೆ ಗಂಟಲಿಗೆ ಸುರಿದುಕೊಂಡು, ಪೂರ್ತಿ ಕುಡಿದೇ ಇಳಿಸುವುದೆಂದು ತೀರ್ಮಾನವಾಯಿತು.

ತಂಬಾಕು ಯಾವ ರೂಪದಲ್ಲೂ ಮುಟ್ಟಿರಬಾರದು ಎಂದೂ ಪುಸ್ತಕದಲ್ಲಿತ್ತು. ಇಲ್ಲಿ ನನ್ನ ಕೈ ನಿಂತಿತು. ರುಚಿ ನೋಡುವವರಲ್ಲಿ ಹಿರಿಯರೆಂದರೆ ಯಜಮಾನರ ದೊಡ್ಡಪ್ಪ. ಅಂಗಡಿಯ ಹದವೆಲ್ಲ ಅವರದು. ಯಾವ ತೋಟದ ಬೀಜಕ್ಕೆ ಯಾವುದನ್ನು ಬೆರೆಸಬೇಕು, ಎಷ್ಟು ಹುರಿಯಬೇಕು ಎಂದು ನಲವತ್ತು ವರ್ಷದಿಂದ ಹೇಳುತ್ತ ಬಂದವರು. ಗಿರಾಕಿಗಳು ಆ ಪುಡಿಯನ್ನು 'ದೊಡ್ಡಪ್ಪನ ಮೂಗು' ಎಂದೇ ಕೇಳಿ ಪಡೆಯುತ್ತಿದ್ದರು. ಆ ಮೂಗಿಗೆ ಗಂಟೆಗೆ ಎರಡು ಸಲ ನಶ್ಯ ಏರುತ್ತಿತ್ತು. ನಶ್ಯ ಕೂಡದು ಎಂದು ಬರೆದು ಅವರ ಎದುರಿಗೆ ತೂಗುಹಾಕುವ ಧೈರ್ಯ ಯಾರಿಗಿದೆ? ನಾನು 'ಬೀಡಿ, ಸಿಗರೇಟು ಸೇದಿರಬಾರದು' ಎಂದು ಬರೆದೆ. ಅಲ್ಲಿ ಬೀಡಿ ಸೇದುವವರು ಯಾರೂ ಇರಲಿಲ್ಲ. ಹೀಗೆ ಯಾರಿಗೂ ಬೇಸರವಾಗದ ವಿಜ್ಞಾನ ಸಿದ್ಧವಾಯಿತು.

ಮೊದಲ ಗುರುವಾರ ಬೆಳಿಗ್ಗೆ ಆರು ಜನ ಶೆಡ್ಡಿನ ಬೆಂಚಿನ ಮೇಲೆ ವಯಸ್ಸಿನ ಪ್ರಕಾರ ಕೂತರು. ದೊಡ್ಡಪ್ಪ, ಮೇಷ್ಟ್ರು, ಯಜಮಾನರು, ಅವರ ತಮ್ಮ, ಕೊನೆಯಲ್ಲಿ ಅಂಗಡಿಯ ಇಬ್ಬರು ನೌಕರರು. ಕೆಮಿಸ್ಟರು ತಮ್ಮದೇ ಪುಡಿಗೆ ತಾವೇ ತೀರ್ಪು ಹೇಳಬಾರದೆಂದು ಹೊರಗೆ. ಯಾವ ಲೋಟದಲ್ಲಿ ಯಾವುದಿದೆ ಎಂದು ಬಲ್ಲವನು ನಾನೊಬ್ಬನೇ; ತಳದಲ್ಲಿ ಬಣ್ಣದ ಚುಕ್ಕೆ ಇಟ್ಟಿದ್ದೆ. ಲೋಟ ಕೊಟ್ಟು, ಚೀಟಿ ಕೊಟ್ಟು, ಎದುರಿಗೆ ಕೈಕಟ್ಟಿ ನಿಂತೆ.

ದೊಡ್ಡಪ್ಪ ಮೊದಲನೆಯ ಲೋಟ ಮುಗಿಸಿ ಸುಮ್ಮನಿದ್ದರು. ಎರಡನೆಯದನ್ನು ಮುಗಿಸಿ "ಹೂಂ" ಎಂದರು. ಅವರ ಪೆನ್ಸಿಲು ಓಡಿತು. ಆಮೇಲೆ ಉಳಿದ ಐದು ಪೆನ್ಸಿಲುಗಳೂ ಓಡಿದವು. ಚೀಟಿ ತೆಗೆದು ನೋಡಿದರೆ ಆರಕ್ಕೆ ಆರೂ ಡಬ್ಬಿಯ ಕಡೆಗೆ.

"ಆರಕ್ಕೆ ಆರು!" ಎಂದರು ಯಜಮಾನರು. ಸೋತ ಬೇಸರದಲ್ಲೂ ಅವರಿಗೆ ಆ ಒಮ್ಮತ ಕಂಡು ಒಂದು ಬಗೆಯ ಗೌರವ ಮೂಡಿತ್ತು. ನನಗೂ ಮೂಡಿತ್ತು. ಇಷ್ಟು ಖಚಿತವಾದ ಫಲಿತಾಂಶ ನನ್ನ ಬಿ.ಎಸ್ಸಿ. ಪ್ರಾಕ್ಟಿಕಲ್ಲಿನಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಕೆಮಿಸ್ಟರು ಸೈಕಲ್ ತೆಗೆದುಕೊಂಡು ಐಸಿಗೆ ಹೋದರು. ಆ ವಾರವಿಡೀ ಪರಿಮಳದ ಹನಿಯನ್ನು ಹೆಚ್ಚಿಸಿದರು. ಬುಧವಾರ ನಮ್ಮ ಪುಡಿಯ ಜಾಡಿಯ ಮುಚ್ಚಳ ತೆಗೆದರೆ ಶೆಡ್ಡಿನ ಬಾಗಿಲಿನಲ್ಲಿದ್ದ ಫಿಟ್ಟರು ತಿರುಗಿ ನೋಡುವಷ್ಟು ಘಮ. ಎರಡನೆಯ ಗುರುವಾರ ಮತ್ತೆ ಅದೇ ಬೆಂಚು, ಅದೇ "ಹೂಂ", ಆರಕ್ಕೆ ಆರು ಡಬ್ಬಿಗೆ.

"ಇವ್ರ ಮೂಗಿಗೆ ಏನ್ ಬಂದಿದೆ ಕಣ್ರೀ?" ಎಂದು ಕೆಮಿಸ್ಟರು ನನ್ನನ್ನು ಕೇಳಿದರು. "ನಂಗೇನಾದ್ರೂ ಭ್ರಮೆ ಇಡ್ದಿದ್ಯಾ? ನೀವೇ ಏಳಿ, ಪರಿಮಳ ಇದ್ಯೋ ಇಲ್ವೋ?"

"ಇದೆ ಸಾರ್."

"ಮತ್ತೆ?"

ಮತ್ತೆ ಏನೆಂಬುದು ಗೊತ್ತಾದದ್ದು ಮಾರನೆಯ ದಿನ, ಶುಕ್ರವಾರ. ಶೆಡ್ಡಿನ ಹಿಂದಿನ ನಲ್ಲಿಯಲ್ಲಿ ನಾನು ಹಿಂದಿನ ದಿನದ ಲೋಟಗಳನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದೆ. ದೊಡ್ಡಪ್ಪ ನಿಧಾನವಾಗಿ ಬಂದು ಕಲ್ಲಿನ ಮೇಲೆ ಕೂತರು. ನಶ್ಯ ಏರಿಸಿದರು. ಕರವಸ್ತ್ರದಿಂದ ಮೂಗೊರೆಸಿಕೊಂಡು, ಯಾರೂ ಇಲ್ಲವೆಂದು ನೋಡಿಕೊಂಡು, ಹೇಳಿದರು.

"ಏನಯ್ಯಾ ಬಿಯೆಸ್ಸಿ, ಮುಂದಿನ ವಾರ ಸ್ವಲ್ಪ ಮುಖಾನ ನೆಟ್ಟಗಿಟ್ಕೊಳಯ್ಯ. ನಿನ್ನೆ ನೀನು ಎರಡು ಲೋಟಕ್ಕೂ ಅಳು ಮುಖ ಮಾಡ್ಕೊಂಡು ನಿಂತುಬುಟ್ಟೆ. ನನಗೆ ಭಾಳ ಕಷ್ಟ ಆಯ್ತು."

"ಯಾಕೆ ತಾತ?"

"ಯಾವ್ದು ಕೆಟ್ಟದ್ದು ಅಂತ ಹೆಂಗಯ್ಯಾ ತಿಳ್ಯೋದು?"

ನಾನು ಲೋಟ ಕೆಳಗಿಟ್ಟೆ.

"ಮೊದಲ್ನೇ ವಾರ ಚೆನ್ನಾಗಿ ಗೊತ್ತಾಯ್ತು," ಎಂದರು ಅವರು, ಮೆಚ್ಚುಗೆಯ ದನಿಯಲ್ಲಿ. "ಒಂದು ಲೋಟ ಎತ್ತಿದಾಗ ಸುಮ್ನಿದ್ದೆ. ಇನ್ನೊಂದು ಎತ್ತಿದಾಗ ನಿನ್ನ ಮುಖ ಸುಟ್ಟ ಬದನೇಕಾಯಿ ಆಗೋಯ್ತು. ಸರಿ, ಇದು ಕೆಟ್ಟದ್ದು ಅಂತ ಬರೆದೆ. ನೀನು ಓದಿದೋನು, ಒಳಗಿನ ವಿಷಯ ಗೊತ್ತಿರೋನು. ನಿನ್ನೆ ಏನಾಯ್ತು? ಎರಡಕ್ಕೂ ಬದನೇಕಾಯಿ. ಕೊನೆಗೆ ಯಾವ್ದಕ್ಕೆ ಜಾಸ್ತಿ ಅಂತ ನೋಡಿ ಬರೆದೆ."

"ತಾತ, ಕಾಫಿ ರುಚಿ…"

"ವಾಸನೆ ಹೋಗಿ ಭಾಳ ವರ್ಷ ಆಯ್ತಯ್ಯ," ಎಂದರು, ಹಲ್ಲು ಬಿದ್ದದ್ದನ್ನು ಹೇಳುವ ಹಾಗೆ. "ಹುರಿಯೋದು ಕಿವೀಲಿ ಗೊತ್ತಾಗುತ್ತೆ. ಬೀಜ ಚಟಪಟ ಅನ್ನೋದು ನಿಂತು ಇನ್ನೊಂದು ಸಲ ಸಣ್ಣಗೆ ಶುರು ಆಗುತ್ತಲ್ಲ, ಆಗ ಇಳಿಸ್ಬೇಕು. ಬಣ್ಣ ಕಣ್ಣಿಗೆ ಗೊತ್ತಾಗುತ್ತೆ. ಕುಡಿಯೋದು ಮಾತ್ರ ಗೊತ್ತಾಗಲ್ಲ. ಯಾರಿಗೂ ಹೇಳ್ಬೇಡ."

ಅವರು ಎದ್ದು ಹೋದ ಮೇಲೆ ನಾನು ಎಷ್ಟು ಹೊತ್ತು ಒಂದೇ ಲೋಟವನ್ನು ಉಜ್ಜಿದೆನೋ ತಿಳಿಯದು. ಉಳಿದ ಐವರು ಅವರ ಮುಖ ನೋಡುತ್ತಿದ್ದರು. ಹಿರಿಯರಿಗಿಂತ ಮೊದಲು, ಹಿರಿಯರಿಗೆ ಎದುರಾಗಿ ಬರೆಯುವುದು ಆ ಬೆಂಚಿನಲ್ಲಿ ಯಾರಿಗೂ ತೋಚುವ ಸಂಗತಿಯಲ್ಲ. ಹಿರಿಯರು ನನ್ನ ಮುಖ ನೋಡುತ್ತಿದ್ದರು. ನಾನು ನೋಡುತ್ತಿದ್ದದ್ದು ನಮ್ಮ ಲೋಟವನ್ನು. ಅದು ಮೇಲೆದ್ದಾಗಲೆಲ್ಲ ಇದರ ಗತಿ ಏನಾಗುವುದೋ, ಕೆಮಿಸ್ಟರ ಗತಿ ಏನೋ, ಪುಡಿ ಸರಿಯಾಗಿ ಕರಗಿದೆಯೋ ಇಲ್ಲವೋ ಎಂದು ನನ್ನ ಮುಖ ತಾನಾಗಿಯೇ ಗಂಟಾಗುತ್ತಿತ್ತು. ಡಬ್ಬಿಯ ಲೋಟದ ಬಗ್ಗೆ ನನಗೇನು ಚಿಂತೆ? ಅದು ಯುರೋಪಿನವರ ಚಿಂತೆ. ಎರಡನೆಯ ವಾರ ಮಾತ್ರ, ಇದು ನಮ್ಮದಕ್ಕಿಂತ ಚೆನ್ನಾಗಿದ್ದರೆ ಎಂದು, ಅದಕ್ಕೂ ಸ್ವಲ್ಪ ಹೆದರಿದ್ದೆ. ನಮ್ಮ ಪುಡಿ ನಮ್ಮವನೊಬ್ಬನ ಕಾಳಜಿಯಿಂದಲೇ ಎರಡು ಸಲ ಸೋತಿತ್ತು. ಮೂರು ದೇಶಗಳ ಯಂತ್ರ, ಮೂರು ವರ್ಷದ ಐಸು, ಕರಾರಿನ ಕಾಗದ, ಇಷ್ಟೆಲ್ಲವೂ ಕೊನೆಗೆ ನನ್ನ ಮುಖದ ಮೇಲೆ ಬಂದು ನಿಂತಿತ್ತು. ನಮ್ಮ ತಾಯಿ ಚಿಕ್ಕಂದಿನಲ್ಲಿ ಮುಖ ಗಂಟು ಹಾಕ್ಕೋಬೇಡವೋ ಎಂದು ಹೇಳಿದಾಗ ಕೇಳಬೇಕಿತ್ತು.

ಯಜಮಾನರಿಗೆ ಹೇಳಿದರೆ ದೊಡ್ಡಪ್ಪನ ಮಾನ ಹೋಗುತ್ತದೆ, ಅದರ ಜೊತೆಗೆ ಅಂಗಡಿಯದೂ. ಹೇಳದಿದ್ದರೆ ಗೋಪುರ ಗುಜರಿಗೆ. ಹೇಳಿದರೂ ನಂಬದಿದ್ದರೆ ನನ್ನ ಕೆಲಸ ಹೋಗುತ್ತದೆ. ನಂಬಿದರೆ, ಈ ಮುಖ ಹೊತ್ತವನು ನಮಗೆ ಯಾಕೆ ಎಂದು, ಆಗಲೂ ನನ್ನ ಕೆಲಸವೇ ಹೋಗುತ್ತದೆ. ಎರಡು ದಿನ ಇದೇ ಲೆಕ್ಕದಲ್ಲಿ ಕಳೆದು, ಸೋಮವಾರ ಕೆಮಿಸ್ಟರಿಗೆ ಹೇಳಿಬಿಟ್ಟೆ. ನಶ್ಯದ ಸಾಲನ್ನು ತಿದ್ದಿ ಬರೆದದ್ದನ್ನೂ ಹೇಳಿದೆ.

ಅವರು ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕಿಟ್ಟು ನನ್ನನ್ನೇ ನೋಡಿದರು.

"ಮೂರು ವರ್ಷ ಪರಿಮಳ ಇಡ್ಯೋಕೆ ಐಸ್ ಒತ್ತೆ ಕಣ್ರೀ ನಾನು. ನಿಮ್ಗೆ ಅರ್ಧ ಗಂಟೆ ಮುಖ ಇಡ್ಕೊಳ್ಳೋಕೆ ಆಗ್ಲಿಲ್ವಾ?"

"ತಪ್ಪಾಯ್ತು ಸಾರ್. ಯಜಮಾನರಿಗೆ ಹೇಳ್ಬಿಡ್ಲಾ?"

ಸ್ಪ್ಯಾನರನ್ನು ಮತ್ತೆ ಕೈಗೆತ್ತಿಕೊಂಡರು. "ಬ್ಯಾಡ. ಆ ಮುದುಕರು ಏಳ್ದಿದ್ರೆ ನಂಗೆ ಇಲ್ಲಿ ಕೆಲ್ಸಾನೇ ಕೊಡ್ತಿರ್ಲಿಲ್ಲ. ಅವ್ರ ಮರ್ಯಾದೆ ತೆಗ್ದು ಗೆದ್ದೆ ಅಂತ ನಾನು ಬೋಗಾದಿಗೆ ಓಗಿ ಯಾವ ಮುಖ ಒತ್ಕೊಂಡು ಏಳ್ಲಿ? ಬೇರೆ ಏನಾದ್ರೂ ಮಾಡಿ. ಪುಸ್ತಕ ಓದಿದೋರಲ್ವಾ ನೀವು?"

ಪುಸ್ತಕದಲ್ಲಿತ್ತು. ರುಚಿ ನೋಡುವವರ ನಡುವೆ ಅಡ್ಡ ಮರೆ ಇರಬೇಕು. ಲೋಟದಲ್ಲಿ ಏನಿದೆ ಎಂದು ಬಲ್ಲವನು ಅವರ ಕಣ್ಣಿಗೆ ಬೀಳಬಾರದು. ಮೊದಲೇ ಓದಿದ್ದೆ. ಬೆಂಚು ಸಾಕು, ಮರೆಗಿರೆಗೆ ಖರ್ಚು ಯಾಕೆ ಎಂದು ನಾನೇ ಬಿಟ್ಟಿದ್ದೆ. ಪುಸ್ತಕವನ್ನು ಎತ್ತಿಕೊಂಡು ಅಂಗಡಿಗೆ ಹೋದೆ. ದೊಡ್ಡಪ್ಪ ಒಳಗಿನ ಜಗಲಿಯ ಮೇಲೆ ಕೂತಿದ್ದರು. ಯಜಮಾನರಿಗೆ ಆ ಪುಟವನ್ನು ತೋರಿಸಿ, ವಿದೇಶದಲ್ಲೆಲ್ಲ ಹೀಗೇ ಮಾಡುವುದು ಸಾರ್, ನಾಳೆ ಹೊರದೇಶದವರು ಹೇಗೆ ಪರೀಕ್ಷೆ ಮಾಡಿದಿರಿ ಎಂದು ಕೇಳಿದರೆ ಉತ್ತರ ಬೇಕಲ್ಲ ಎಂದೆ.

"ದೊಡ್ಡಪ್ಪನ ಪಕ್ಕದಲ್ಲಿ ಪರದೆ ಹಾಕ್ಕೊಂಡು ಕೂರೋದಾ?" ಯಜಮಾನರಿಗೆ ಕೋಪ ಬಂತು. "ನಾವೇನು ಪರೀಕ್ಷೇಲಿ ಕಾಪಿ ಹೊಡೆಯೋ ಹುಡುಗ್ರೇನ್ರೀ?"

ಒಳಗಿನಿಂದ ದೊಡ್ಡಪ್ಪನ ದನಿ ಬಂತು. "ಹಾಕ್ಲಿ ಬುಡೋ."

"ಅಲ್ಲ ದೊಡ್ಡಪ್ಪ, ನಿಮ್ಮನ್ನ…"

"ಹಾಕ್ಲಿ ಅಂದೆ. ಮೊದ್ಲು ನನ್ನ ಪಕ್ಕದಲ್ಲೇ ಹಾಕ್ಲಿ."

ನಾನು ಅವರ ಕಡೆ ನೋಡಲಿಲ್ಲ. ನೋಡಿದ್ದರೆ ನನ್ನ ಮುಖ ಮತ್ತೇನು ಹೇಳುತ್ತಿತ್ತೋ.

ಮೂರನೆಯ ಗುರುವಾರ ಫಿಟ್ಟರು ಬೆಂಚಿನ ಮೇಲೆ ತಂತಿ ಎಳೆದು, ಯಜಮಾನರ ಮನೆಯಿಂದ ತಂದ ಹಳೆಯ ಪಂಚೆಗಳನ್ನು ಇಳಿಬಿಟ್ಟರು. ಆರು ಗೂಡಾದವು. ನಾನು ಒಳಕೋಣೆಯಲ್ಲಿ ಎರಡು ಬಗೆಯ ಕಾಫಿ ಬೆರೆಸಿ, ಲೋಟಕ್ಕೆ ತುಂಬಿಸಿ, ಹಿಂದಿನ ಬಾಗಿಲಿನಿಂದ ಹೊರಗೆ ಹೋದೆ. ಏನೊಂದೂ ತಿಳಿಯದ ಫಿಟ್ಟರು ಲೋಟ ಹಂಚಿದರು. ಕೆಮಿಸ್ಟರು ಗೇಟಿನ ಬಳಿ ಸೈಕಲ್ಲಿನ ಚೈನು ತೆಗೆದು ಮತ್ತೆ ಹಾಕುತ್ತಿದ್ದರು. ಚೈನಿಗೆ ಏನೂ ಆಗಿರಲಿಲ್ಲ. ನಾನು ಪಕ್ಕದಲ್ಲಿ ನಿಂತು, ಅಂದು ಮಾತ್ರ ಯಾರಿಗೂ ನಷ್ಟವಿಲ್ಲದೆ, ಮನಸಾರೆ ಚಿಂತೆ ಮಾಡಿದೆ.

ಒಳಗೆ ಕರೆದಾಗ ಪಂಚೆಗಳನ್ನು ಪಕ್ಕಕ್ಕೆ ಸರಿಸಿದ್ದರು. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ತಮ್ಮ ನಾಲಿಗೆಯನ್ನು ತಾವೇ ನಂಬಿ ಬರೆಯಬೇಕಾದದ್ದು ಅವರಿಗೆ ಹೊಸದು. ಅಂಗಡಿಯ ನೌಕರರಲ್ಲಿ ಒಬ್ಬನಿಗೆ ಬೆವರು ಬಂದಿತ್ತು. ಯಜಮಾನರು ಚೀಟಿಗಳನ್ನು ಒಂದೊಂದಾಗಿ ಬಿಡಿಸಿ ಓದಿದರು. ಒಬ್ಬರು ಕೆಂಪು ಚುಕ್ಕೆಯ ಲೋಟ, ಇನ್ನೊಬ್ಬರು ನೀಲಿ, ಮತ್ತೆ ಕೆಂಪು, ಮತ್ತೆ ನೀಲಿ. ಐದನೆಯದು ಮೇಷ್ಟ್ರದು. ಅದರಲ್ಲಿ ಕೆಂಪು ಎಂದು ಬರೆದು, ನೀಲಿಗೆ ತಗಡಿನ ವಾಸನೆ ಎಂದು ಕೆಳಗೆ ಗೆರೆ ಎಳೆದಿತ್ತು. ಆ ವಾರ ಕೆಂಪು ನಮ್ಮದು.

ಆರನೆಯ ಚೀಟಿಯನ್ನು ಯಜಮಾನರು ಬಿಡಿಸಿದರು. ಓದಲಿಲ್ಲ. ಮತ್ತೆ ಮಡಿಸಲು ಹೋದರು.

"ಓದೋ," ಎಂದರು ದೊಡ್ಡಪ್ಪ.

"ದೊಡ್ಡಪ್ಪ…"

"ಐದು ಜನರದ್ದು ಓದ್ದೆ. ನಂದೇನು ಪಾಪ ಮಾಡಿತ್ತು?"

ಯಜಮಾನರು ಓದಿದರು. "ಎರಡೂ ಬಿಸಿ ಇತ್ತು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಲು ಶುರು ಮಾಡಿದರು.

"ನನಗೆ ಗೊತ್ತಾಗೋದು ಅಷ್ಟೇ ಕಣೋ," ಎಂದರು ದೊಡ್ಡಪ್ಪ. "ಹಿಂದಿನ ಎರಡು ವಾರದ ನನ್ನ ಚೀಟೀನೂ ಹರಿದು ಹಾಕು."

"ಯಾವಾಗಿಂದ ದೊಡ್ಡಪ್ಪ?"

"ನಿನ್ನ ಮದುವೆ ದಿನದಿಂದ ಅಂತಿಟ್ಕೋ. ಅವತ್ತು ಸಾರು ಸೀದುಹೋಗಿ ಬೀಗರೆಲ್ಲ ಎಲೆ ಮುಂದಿಂದ ಎದ್ದು ನಿಂತ್ರಲ್ಲ? ನಾನೊಬ್ಬ ಎರಡನೇ ಸಲ ಬಡಿಸ್ಕೊಂಡು ಉಂಡೆ. ಎಲ್ರೂ ನನ್ನ ದೊಡ್ಡ ಮನಸ್ಸು ಅಂದ್ರು."

ಯಾರೋ ನಕ್ಕರು, ತಕ್ಷಣ ನಿಲ್ಲಿಸಿದರು. ದೊಡ್ಡಪ್ಪ ತಾವೇ ನಕ್ಕಾಗ ಮತ್ತೆ ನಕ್ಕರು. ಅವರು ನನ್ನ ಮುಖದ ವಿಷಯವನ್ನು ಬಾಯಿ ಬಿಡಲಿಲ್ಲ. ಆಮೇಲೂ ಬಿಡಲಿಲ್ಲ. ನಾನೂ ಧೈರ್ಯ ಮಾಡಿ ಕೆಮಿಸ್ಟರಿಗಲ್ಲದೆ ಬೇರೆ ಯಾರಿಗೂ ಹೇಳಲಿಲ್ಲ. ಈ ಬರಹವೇ ಮೊದಲು, ಅದೂ ಕೇಳಿ ಕೋಪಿಸಿಕೊಳ್ಳಬಹುದಾಗಿದ್ದ ದೊಡ್ಡಪ್ಪನೂ ಯಜಮಾನರೂ ತೀರಿಕೊಂಡ ಮೇಲೆ.

ಲೆಕ್ಕ ಹಾಕಿದರೆ ಐದು ಚೀಟಿಯಲ್ಲಿ ಮೂರು ನಮ್ಮದಕ್ಕೆ, ಎರಡು ಡಬ್ಬಿಗೆ.

"ಒಂದೇ ಒಂದು ವೋಟು ಅಣ್ಣ," ಎಂದರು ಯಜಮಾನರ ತಮ್ಮ. "ಇದನ್ನ ನಂಬ್ಕೊಂಡು ಅವ್ರನ್ನ ಬಿಡೋದಾ?"

"ಒಂದು ವೋಟಲ್ಲಿ ಗೆದ್ದೋನನ್ನೂ ಎಮ್ಮೆಲ್ಲೆ ಅಂತಾನೇ ಕರೀತಾರೆ," ಎಂದರು ಯಜಮಾನರು. "ಒಂದು ಸಲ ಮೇಲೆ ಬಂದ್ರೂ ಸಾಕು ಅಂದಿದ್ದೆ. ಬಂತು."

ಮಧ್ಯಾಹ್ನ ಅವರು ಹೇಳಿದ ಪತ್ರವನ್ನು ನಾನು ಟೈಪು ಮಾಡಿದೆ. ತಮ್ಮ ಕರಾರಿಗೆ ಸಹಿ ಹಾಕಲಾಗದೆಂದು ವಿಷಾದದಿಂದ ತಿಳಿಸುತ್ತೇವೆ ಎಂಬ ವಾಕ್ಯದಲ್ಲಿ ವಿಷಾದ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಮೂರು ಸಲ ಮಾಡಿದೆ. ಈ ಗೆಲುವಿನ ಬಗ್ಗೆ ಹೆಚ್ಚು ಹೇಳಿಕೊಳ್ಳುವುದು ಸರಿಯಲ್ಲ. ಮುಂಬಯಿಯವರ ಮರುಪತ್ರದಲ್ಲಿ ಬೇಸರವೇನೂ ಕಾಣಲಿಲ್ಲ. ತಮ್ಮ ಕಂಪನಿ ಡಿಕಾಕ್ಷನ್ನನ್ನು ಹೆಪ್ಪುಗಟ್ಟಿಸಿ ಒಣಗಿಸುವ ಹೊಸ ವಿಧಾನದ ಕಡೆಗೆ ಹೊರಳುತ್ತಿದೆ ಎಂದು ಸೌಜನ್ಯದಿಂದ ತಿಳಿಸಿದ್ದರು. ಅಂದರೆ ನಾವು ಒಂದು ವೋಟಿನಿಂದ ಸೋಲಿಸಿದ್ದು ಅವರು ಬಿಡಲಿದ್ದ ವಿಧಾನವನ್ನು. ಸಹಿ ಹಾಕಿದ್ದರೆ ನಮಗೆ ಸಿಗುತ್ತಿದ್ದದ್ದೂ ಅದೇ. ಪೂರ್ವ ಯುರೋಪಿಗೆ ಸ್ಯಾಂಪಲ್ ಹೋಯಿತು, ಒಪ್ಪಿಗೆಯಾಯಿತು, ಪೆಟ್ಟಿಗೆಗಳೂ ಹೋದವು. ಅಲ್ಲಿನವರು ಅದನ್ನು ಹಾಲಿನೊಂದಿಗೆ ಕುಡಿದರೋ ಹಾಗೆಯೇ ಕುಡಿದರೋ ನಮಗೆ ತಿಳಿಯಲಿಲ್ಲ. ಲೋಕದ ದೊಡ್ಡ ಕಂಪನಿಗಳು ನಮ್ಮಿಂದ ನಿದ್ದೆಗೆಟ್ಟ ಸುದ್ದಿಯೂ ಬರಲಿಲ್ಲ. ಗೋಪುರ ಮಾತ್ರ ಗುಜರಿಗೆ ಹೋಗಲಿಲ್ಲ.

ಆ ಗುರುವಾರ ಪತ್ರವನ್ನು ಪೋಸ್ಟಿಗೆ ಹಾಕಿ ಸಂಜೆ ಶೆಡ್ಡಿಗೆ ಬಂದಾಗ ಕೆಮಿಸ್ಟರು ಗೋಪುರದ ಕೆಳಗಿನ ಬಾಗಿಲು ತೆಗೆದು ಒಳಗೆ ಅರ್ಧ ತೂರಿಕೊಂಡಿದ್ದರು. ಹೊರಗೆ ಕಾಣುತ್ತಿದ್ದದ್ದು ಕಾಲು ಮಾತ್ರ.

"ಪತ್ರ ಆಕಿದ್ರಾ?" ಎಂದು ತಗಡಿನೊಳಗಿನಿಂದ ಕೇಳಿದರು.

"ಹಾಕಿದೆ ಸಾರ್."

"ರಿಜಿಸ್ಟರ್?"

"ರಿಜಿಸ್ಟರ್. ರಸೀದಿ ಇದೆ."

ಸ್ವಲ್ಪ ಹೊತ್ತು ಬ್ರಷ್ಷಿನಿಂದ ಕೆರೆಯುವ ಸದ್ದು. ಆಮೇಲೆ ಹೊರಗೆ ಬಂದರು. ತಲೆ, ಹುಬ್ಬು, ಮೀಸೆಯೆಲ್ಲ ಕಂದು ಪುಡಿ. ಖುಷಿಯಾಗಿದ್ದಾರೋ ಇಲ್ಲವೋ ಆ ಪುಡಿಯ ಹಿಂದೆ ಕಾಣಿಸಲಿಲ್ಲ.

"ಆ ಮೂರು ಚೀಟಿ ಯಾರದಾದ್ರೂ ಇರ್ಲಿ ಬುಡಿ," ಎಂದರು. "ಇನ್ನೆರಡು ಯಾರದು ಅಂತ ನೋಡಿ. ನಾಳೆ ಬೆಳಿಗ್ಗೆ ಅಂಗಡಿಗೆ ಓಗಿ, ಆ ಡಬ್ಬೀದು ಯಾಕೆ ಇಡಿಸ್ತು ಅಂತ ಒಬ್ಬೊಬ್ಬರನ್ನೇ ಬೇರೆ ಬೇರೆ ಕರ್ದು ಕೇಳಿ. ಅವ್ರು ಏಳಿದ್ದನ್ನ ಅಂಗಂಗೇ ಬರ್ಕೊಂಡು ಬನ್ನಿ."

ಮಾರನೆಯ ದಿನ ನೋಟುಬುಕ್ಕು ಹಿಡಿದು ಹೋದೆ. ಡಬ್ಬಿಗೆ ಬರೆದವರಲ್ಲಿ ಒಬ್ಬರು ಯಜಮಾನರ ತಮ್ಮ. ಇನ್ನೊಬ್ಬರು ಯಜಮಾನರು.